ಸ್ಟಾರ್ಟ್ ಆಗಿ ನಿಲ್ಲುವ ಪಿಕಪ್: ಮೊದಲು ಡೀಸೆಲಿನ ದಾರಿ ನೋಡಿ

ಪಿಕಪ್ ಸ್ಟಾರ್ಟೇ ಆಗದಿದ್ದರೆ ಅದೊಂದು ಲೆಕ್ಕ. ಸ್ಟಾರ್ಟ್ ಆಗಿ, ಒಂದು ನಿಮಿಷ ಚೆಂದಕ್ಕೆ ಓಡಿ, ಮತ್ತೆ ಕೆಮ್ಮಿ ಕೆಮ್ಮಿ ನಿಂತರೆ ಅದು ಬೇರೆಯೇ ಲೆಕ್ಕ. ಎರಡನ್ನೂ ಒಂದೇ ಎಂದು ತಿಳಿದು ಬ್ಯಾಟರಿ ಬದಲಿಸಿದವರು, ಸ್ಟಾರ್ಟರ್ ಬಿಚ್ಚಿಸಿದವರು, ಕೊನೆಗೆ ಡೀಸೆಲ್ ಪಂಪನ್ನೇ ಪೇಟೆಗೆ ಕಳಿಸಿದವರು ನಮ್ಮ ಊರಲ್ಲೇ ಇದ್ದಾರೆ. ಹೆಚ್ಚಿನ ಸಲ ತೊಂದರೆ ಇರುವುದು ಒಂದು ರಬ್ಬರ್ ಪೈಪಿನಲ್ಲೋ ವಾಷರಿನಲ್ಲೋ.

ನಮ್ಮಲ್ಲಿರುವುದು 2003ರ ಮಾದರಿಯ ಡೀಸೆಲ್ ಪಿಕಪ್. ಅಡಿಕೆ, ಬಾಳೆಗೊನೆ, ಹಟ್ಟಿಗೊಬ್ಬರ, ಸಿಮೆಂಟು ಎಲ್ಲಾ ಅದರಲ್ಲೇ. ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಅದೇ ಗತಿ. ಈ ಕಾಲದ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಅಭ್ಯಾಸವಿರುವ ಕೃಷಿಕರು ಇದರ ತಪಾಸಣೆಯನ್ನು ಮನೆಯಂಗಳದಲ್ಲೇ ಮಾಡಬಹುದು. ಹೊಸ ಕಾಮನ್ ರೈಲ್ ಇಂಜಿನಿಗೆ ಈ ಲೇಖನ ಅಲ್ಲ. ಅದರ ಪೈಪುಗಳಲ್ಲಿ 1000 ಬಾರಿಗೂ ಮಿಕ್ಕಿದ ಒತ್ತಡ ಇರುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಲೇಬೇಡಿ.

ಸ್ಟಾರ್ಟ್ ಆದದ್ದೇ ಅರ್ಧ ಉತ್ತರ

ಡೀಸೆಲ್ ಇಂಜಿನ್ ಓಡಲಿಕ್ಕೆ ಬೇಕಾದದ್ದು ಮೂರೇ. ಗಾಳಿ, ಆ ಗಾಳಿಯನ್ನು ಒತ್ತಿ ಬಿಸಿ ಮಾಡುವ ಕಂಪ್ರೆಷನ್, ಸರಿಯಾದ ಹೊತ್ತಿಗೆ ಡೀಸೆಲ್. ಗಾಡಿ ಸ್ಟಾರ್ಟ್ ಆಯಿತು ಎಂದರೆ ಬ್ಯಾಟರಿ, ಸ್ಟಾರ್ಟರ್, ಕಂಪ್ರೆಷನ್ ತಮ್ಮ ಪಾಲಿನ ಕೆಲಸ ಮಾಡಿವೆ ಎಂದೇ ಅರ್ಥ. ಅವಕ್ಕೆ ದುಡ್ಡು ಸುರಿಯುವುದು ಬೇಡ.

ಹಾಗಾದರೆ ಸ್ಟಾರ್ಟ್ ಆದದ್ದು ನಿಂತದ್ದೇಕೆ? ಪಂಪು, ಫಿಲ್ಟರು, ಪೈಪುಗಳಲ್ಲಿ ಮೊದಲೇ ತುಂಬಿರುವ ಡೀಸೆಲಿನಲ್ಲಿ ಇಂಜಿನ್ ಸ್ಟಾರ್ಟ್ ಆಗುತ್ತದೆ. ಅದು ಮುಗಿದಾಗ ಹಿಂದಿನಿಂದ ಹೊಸತು ಬರಬೇಕು. ಬರದಿದ್ದರೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟಾಗ, ಅಥವಾ ಕೈಪಂಪ್ ಒತ್ತಿದಾಗ, ಮತ್ತೆ ಒಂದಷ್ಟು ಸೇರಿಕೊಳ್ಳುತ್ತದೆ, ಮತ್ತೆ ಸ್ಟಾರ್ಟ್, ಮತ್ತೆ ಆಫ್. ಎಂದರೆ ಇದು ರೋಗದ ಇಂಜಿನ್ ಅಲ್ಲ, ಹಸಿದ ಇಂಜಿನ್.

ಡೀಸೆಲಿನ ದಾರಿ ಹೀಗೆ: ಟ್ಯಾಂಕ್, ಅದರೊಳಗಿನ ಜಾಲರಿ, ಮುಂದಕ್ಕೆ ಬರುವ ಪೈಪು, ಫೀಡ್ ಪಂಪ್, ಫಿಲ್ಟರ್, ದೊಡ್ಡ ಡೀಸೆಲ್ ಪಂಪ್, ಇಂಜೆಕ್ಟರ್. ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಹುಡುಕುವುದು ಟ್ಯಾಂಕಿನಿಂದ ಶುರುವಾಗಬೇಕು. ಹೆಚ್ಚಿನವರು ದೊಡ್ಡ ಪಂಪಿನಿಂದ ಹಿಂದಕ್ಕೆ ಬರುತ್ತಾರೆ. ಖರ್ಚು ಹೆಚ್ಚಾಗುವುದು ಅಲ್ಲಿಯೇ.

ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ಗಡಿಯಾರ ನೋಡಿ. ನಿಲ್ಲುವ ಸಮಯ ಮತ್ತು ನಿಲ್ಲುವ ರೀತಿ ಎರಡೂ ಸೇರಿದರೆ ತೊಂದರೆ ಎಲ್ಲಿದೆ ಎಂದು ಸಾಧಾರಣ ಗೊತ್ತಾಗುತ್ತದೆ. ನಾನು ನೋಡಿಕೊಂಡು ಬಂದದ್ದು ಹೀಗೆ:

* ಕೀ ತಿರುಗಿಸಿ ಆಫ್ ಮಾಡಿದ ಹಾಗೆ, ಕೆಮ್ಮದೆ, ಪಕ್ಕನೆ ನಿಂತರೆ: ಪಂಪಿಗೆ ಕರೆಂಟ್ ಕೊಡುವ ವಯರ್ ಅಥವಾ ಸ್ಟಾಪ್ ಸೊಲೆನಾಯ್ಡ್.
* ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ, ಏರಿ ಇಳಿದು ತಡವರಿಸಿ ನಿಂತರೆ: ಗಾಳಿ ಎಳೆಯುತ್ತಿದೆ, ಅಥವಾ ಫೀಡ್ ಪಂಪ್ ಎತ್ತುತ್ತಿಲ್ಲ.
* 10-20 ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಪುನಃ ಸ್ಟಾರ್ಟ್ ಆದರೆ: ಟ್ಯಾಂಕಿನ ಮುಚ್ಚಳದ ಗಾಳಿತೂತು, ಇಲ್ಲವೇ ಟ್ಯಾಂಕಿನ ಜಾಲರಿ.
* ನಿಂತಲ್ಲಿ ಚೆಂದ ಓಡಿ, ಲೋಡಿನಲ್ಲಿ ಏರು ಹತ್ತುವಾಗ ಮಾತ್ರ ಸೋತು ನಿಂತರೆ: ಫಿಲ್ಟರ್ ಕಟ್ಟಿದೆ.
* ಹೊಂಡಕ್ಕೆ ಬಿದ್ದಾಗ ನಿಂತರೆ: ವಯರ್ ಸಡಿಲ.
* ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಂತು, ತಣಿಯುವ ತನಕ ಸ್ಟಾರ್ಟ್ ಆಗದಿದ್ದರೆ: ಆಗ ದೊಡ್ಡ ಪಂಪಿನ ಮೇಲೆ ಸಂಶಯ ಪಡಬಹುದು. ಅದೂ ಕೊನೆಗೆ.

ಮುಚ್ಚಳ ತೆರೆದು ಕಿವಿ ಕೊಡಿ

ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಗಾಡಿ ನಿಂತ ಕೂಡಲೇ ಡೀಸೆಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ ಹಾಗೆ. ಡೀಸೆಲ್ ಹೊರಟುಹೋದ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲೋ ಬದಿಯ ಸಣ್ಣ ಪೈಪಿನಲ್ಲೋ ತೂತು ಇರುತ್ತದೆ. ಅದು ಕಟ್ಟಿದರೆ ಟ್ಯಾಂಕ್ ಒಳಗಿನಿಂದ ಹಿಡಿದು ಎಳೆಯುತ್ತದೆ, ಫೀಡ್ ಪಂಪ್ ಸೋಲುತ್ತದೆ.

ನಮ್ಮ ಕಡೆ ಈ ತೂತು ಕಟ್ಟುವುದು ಕೆಸರಿನಿಂದ, ಇಲ್ಲವೇ ಮಣ್ಣಿನ ಗೂಡು ಕಟ್ಟುವ ಕಣಜದ ಹುಳದಿಂದ. ಮುಚ್ಚಳ ಕಳೆದುಹೋದಾಗ ಮಳೆನೀರು ಹೋಗಬಾರದೆಂದು ಪ್ಲಾಸ್ಟಿಕ್ ಸುತ್ತಿ ಬಿಗಿದು ಕಟ್ಟುವವರೂ ಇದ್ದಾರೆ. ನೀರು ಹೋಗಲಿಲ್ಲ ನಿಜ, ಗಾಳಿಯೂ ಹೋಗಲಿಲ್ಲ! ಮುಚ್ಚಳ ಸಡಿಲ ಬಿಟ್ಟು ಅರ್ಧ ಗಂಟೆ ಓಡಿಸಿ. ನಿಲ್ಲದಿದ್ದರೆ ತೂತು ಬಿಡಿಸಿ, ಕೆಲಸ ಮುಗಿಯಿತು.

ಜಾಲರಿಯದ್ದು ಇನ್ನೊಂದು ಬಗೆ. ಕ್ಯಾನಿನಲ್ಲಿ ತಂದು ಸೋಸದೆ ಹುಯ್ದ ಡೀಸೆಲಿನ ಕಸ, ಟ್ಯಾಂಕಿನ ತುಕ್ಕು, ಅಡಿಯಲ್ಲಿ ಬೆಳೆದ ಲೋಳೆ ಎಲ್ಲಾ ಎಳೆಯುವ ಪೈಪಿನ ಬಾಯಿಗೆ ಬಂದು ಕೂರುತ್ತವೆ. ಇಂಜಿನ್ ನಿಂತಾಗ ಎಳೆತವೂ ನಿಲ್ಲುತ್ತದೆ, ಕಸ ಕೆಳಗಿಳಿಯುತ್ತದೆ, ಐದು ನಿಮಿಷದಲ್ಲಿ ಗಾಡಿ ರೆಡಿ. ಪೈಪನ್ನು ಫೀಡ್ ಪಂಪಿನ ಬಳಿ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಹಿಂದಕ್ಕೆ ಗಾಳಿ ಹೊಡೆಯಿರಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸರಾಗ ಕೇಳಬೇಕು. ಹೀಗೆ ಮಾಡಿದರೆ ಕಸ ದೂರ ಹೋಗುತ್ತದೆಯೇ ಹೊರತು ಟ್ಯಾಂಕಿನಿಂದ ಹೊರಗೆ ಹೋಗುವುದಿಲ್ಲ. ಬಿಡುವಾದಾಗ ಟ್ಯಾಂಕ್ ಇಳಿಸಿ ತೊಳೆಯಲೇಬೇಕು.

ಫೂಟ್ ವಾಲ್ವ್ ಗೊತ್ತಿದ್ದವರಿಗೆ ಇದು ಸುಲಭ

ಕೆರೆಗೆ ಇಟ್ಟ ಪಂಪು ಸ್ವಲ್ಪ ನೀರೆತ್ತಿ ಬಿಟ್ಟುಬಿಟ್ಟರೆ ನಾವು ಏನು ಹೇಳುತ್ತೇವೆ? ಫೂಟ್ ವಾಲ್ವ್ ಲೀಕು, ಇಲ್ಲವೇ ಸಕ್ಷನ್ ಪೈಪು ಗಾಳಿ ಎಳೆಯುತ್ತಿದೆ ಅಂತ. ಡೆಲಿವರಿ ಪೈಪು ಒಡೆದರೆ ನೀರು ಚಿಮ್ಮುವುದು ಕಣ್ಣಿಗೆ ಕಾಣುತ್ತದೆ. ಸಕ್ಷನ್ ಒಡೆದರೆ ಒಂದು ಹನಿ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಿಕಪ್ಪಿನಲ್ಲೂ ಅದೇ ಕತೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಸಕ್ಷನ್. ಅಲ್ಲಿಂದ ಮುಂದೆ ಡೆಲಿವರಿ. ಡೆಲಿವರಿ ಬದಿಯ ಲೀಕು ಒದ್ದೆಯಾಗಿ, ಧೂಳು ಹಿಡಿದು ಕಾಣುತ್ತದೆ. ಸಕ್ಷನ್ ಬದಿಯ ಲೀಕು ಒಣಗಿಯೇ ಇರುತ್ತದೆ. "ಎಲ್ಲಿಯೂ ಲೀಕ್ ಕಾಣುವುದಿಲ್ಲ" ಎಂದು ಬಿಟ್ಟುಬಿಡಬಾರದು.

ಇನ್ನೊಂದು ಗುರುತು ಉಂಟು. ರಾತ್ರಿ ಗಾಡಿಯ ಮೂತಿ ಏರಿಗೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗಿ ನಿಲ್ಲುತ್ತದೆ, ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದರೆ ಏನೂ ತೊಂದರೆ ಇಲ್ಲ ಎಂದಾದರೆ, ಅದು ಗಾಳಿ ಎಳೆಯುವುದೇ. ಟ್ಯಾಂಕ್ ಕೆಳಗಾದಾಗ ಪೈಪಿನ ಡೀಸೆಲ್ ಇಡೀ ರಾತ್ರಿ ಹಿಂದಕ್ಕೆ ಇಳಿದಿರುತ್ತದೆ.

ಗಾಳಿ ಎಳೆಯುವ ಜಾಗಗಳು ಇವು: ಕ್ಲಿಪ್ಪಿನ ಅಡಿಯಲ್ಲಿ ಬಿರಿದ ರಬ್ಬರ್ ಪೈಪು, ಚೇಸಿಸ್‌ಗೆ ತಾಗಿ ಸವೆದ ಕಬ್ಬಿಣದ ಪೈಪು, ಫೀಡ್ ಪಂಪಿಗೆ ಪೈಪು ಸೇರುವಲ್ಲಿನ ತಾಮ್ರದ ವಾಷರ್, ಕೈಪಂಪಿನ ಬುಡದ ವಾಷರ್. ಫಿಲ್ಟರ್ ಹಾಕುವಾಗ ಹಳೆ ರಬ್ಬರ್ ರಿಂಗನ್ನೇ ಪುನಃ ಕೂರಿಸಿದರೆ ಅಲ್ಲಿಯೂ ತೊಂದರೆ. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಡಸಾಗುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಸಿ ನೀರಿಗೆ ಹಾಕಿ. ಮೆತ್ತಗಾಗುತ್ತದೆ. ಒರೆಸಿ ಹಾಕಿದರೆ ಇನ್ನೊಮ್ಮೆ ಹಿಡಿಯುತ್ತದೆ.

ಕ್ಯಾನ್ ಕಟ್ಟಿ ನೋಡುವುದು

ಎಲ್ಲಿ ಅಂತ ಗೊತ್ತಾಗದಿದ್ದರೆ ದಾರಿಯನ್ನು ಎರಡು ತುಂಡು ಮಾಡಿ. 5 ಲೀಟರಿನ ಶುದ್ಧ ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಉಂಟಲ್ಲ, ಅದರ ಒಂದು ತುಂಡನ್ನು ಕ್ಯಾನಿನ ತಳಕ್ಕೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಫೀಡ್ ಪಂಪಿನ ಒಳಬಾಯಿಗೆ ಕ್ಲಿಪ್ ಹಾಕಿ ಬಿಗಿಯಿರಿ. ಟ್ಯಾಂಕಿನ ಪೈಪು ಬಿಚ್ಚಿಟ್ಟಿರಲಿ. ಕ್ಯಾನನ್ನು ನೆಲದಲ್ಲಿ, ಟ್ಯಾಂಕಿನಷ್ಟೇ ಮಟ್ಟದಲ್ಲಿ ಇಡಿ. ಎತ್ತರದಲ್ಲಿ ತೂಗು ಹಾಕಿದರೆ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ಫೀಡ್ ಪಂಪ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಗಾಳಿ ತೆಗೆದು ಸ್ಟಾರ್ಟ್ ಮಾಡಿ.

ನಿಲ್ಲದೆ ಓಡಿದರೆ ಫೀಡ್ ಪಂಪ್, ಫಿಲ್ಟರ್, ದೊಡ್ಡ ಪಂಪ್ ಎಲ್ಲಾ ಸರಿ ಇವೆ, ತೊಂದರೆ ಟ್ಯಾಂಕಿನಿಂದ ಇಲ್ಲಿಯವರೆಗಿನ ಪೈಪಿನಲ್ಲಿ. ಹಾಗೆಯೂ ನಿಂತರೆ ಮುಂದಿನ ಭಾಗ ನೋಡಿ. ರಿಟರ್ನ್ ಡೀಸೆಲ್ ಟ್ಯಾಂಕಿಗೆ ಹೋಗುವ ಕಾರಣ ಕ್ಯಾನ್ ಬೇಗ ಖಾಲಿಯಾಗುತ್ತದೆ, ಕಣ್ಣಿಟ್ಟಿರಿ. ಲೆವೆಲ್ ಪೈಪು ಪರೀಕ್ಷೆಗೆ ಮಾತ್ರ. ಡೀಸೆಲಿನಲ್ಲಿ ಅದು ಗಡಸಾಗಿ ಒಡೆಯುತ್ತದೆ, ಗಾಡಿಯಲ್ಲೇ ಬಿಡಬೇಡಿ.

ನೆರೆಮನೆಯವರ ಪಿಕಪ್ ಹೀಗೆಯೇ ದಿನಾ ಬೆಳಿಗ್ಗೆ ಕಾಡುತ್ತಿತ್ತು. ಒಂದು ದಿನ ಬಂದು, "ಏನು ಮಾಡುವುದು ಮಾರಾಯ್ರೆ, ಪಂಪ್ ಹೋಗಿದೆಯಂತೆ. 18 ಸಾವಿರ ಆಗ್ತದಂತೆ. ಅಡಿಕೆ ಕೊಟ್ಟು ಬಂದ ದುಡ್ಡು ಅದಕ್ಕೇ ಸರಿ" ಅಂದರು. ಮಗಳ ಕಾಲೇಜಿನ ಫೀಸಿಗೆ ಇಟ್ಟ ಹಣ ಅದು. "ಪಂಪ್ ಎಲ್ಲಿಗೂ ಓಡಿ ಹೋಗುವುದಿಲ್ಲ, ಮೊದಲು ಕ್ಯಾನ್ ಕಟ್ಟಿ ನೋಡುವ" ಅಂದೆ. ಕ್ಯಾನಿನಲ್ಲಿ ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಪೈಪು ಹಿಡಿದು ಹಿಂದಕ್ಕೆ ಹೋದಾಗ ಟ್ಯಾಂಕಿನ ಹತ್ತಿರ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಉಗುರಿನಷ್ಟು ಬಿರಿದಿತ್ತು. ಒಂದು ಮೀಟರ್ ಡೀಸೆಲ್ ಪೈಪು, ಎರಡು ಕ್ಲಿಪ್ಪು. 200 ರೂಪಾಯಿ ಆಗಲಿಲ್ಲ.

ಫೀಡ್ ಪಂಪ್ ಮತ್ತು ಫಿಲ್ಟರ್

ಕೈಪಂಪ್ ಒತ್ತುವಾಗ ಕೈಗೆ ಬರುವ ಹಿಡಿತವೇ ಒಂದು ಪರೀಕ್ಷೆ. ಒತ್ತಿ ಒತ್ತಿ ಕೊನೆಗೆ ಗಟ್ಟಿಯಾದರೆ ಡೀಸೆಲ್ ತುಂಬಿತು ಎಂದು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಗಾಳಿ ಬರುತ್ತಿದೆ. ಮೇಲಕ್ಕೆ ಎಳೆಯುವಾಗ ಬಿಗಿದು, ಬಿಟ್ಟರೆ ತಾನಾಗಿ ಒಳಗೆ ಹೋದರೆ ಹಿಂದೆ ಎಲ್ಲೋ ಕಟ್ಟಿದೆ. ಸಣ್ಣ ಲಿವರ್ ಇರುವ ಪಂಪಿನಲ್ಲಿ ಕೆಲವೊಮ್ಮೆ ಹಿಡಿತವೇ ಸಿಗುವುದಿಲ್ಲ. ಒಳಗಿನ ಕ್ಯಾಮ್ ಮೇಲೆ ನಿಂತಿರುತ್ತದೆ. ಇಂಜಿನನ್ನು ಒಂದು ಸುತ್ತು ತಿರುಗಿಸಿ ಪುನಃ ನೋಡಿ.

ಫೀಡ್ ಪಂಪಿನ ಹೊರಪೈಪು ಬಿಚ್ಚಿ ಬಾಟ್ಲಿಗೆ ಹಿಡಿದು, ಒಬ್ಬರು ಕ್ರ್ಯಾಂಕ್ ಮಾಡಿದರೆ ಡೀಸೆಲ್ ಬಿಟ್ಟು ಬಿಟ್ಟು ಜೋರಾಗಿ ಬೀಳಬೇಕು. ಬರೇ ಜಿನುಗಿದರೆ ಫೀಡ್ ಪಂಪಿನ ಒಳಗಿನ ವಾಲ್ವ್ ಅಥವಾ ಡಯಾಫ್ರಂ ಹೋಗಿದೆ. ಡಯಾಫ್ರಂ ಇರುವ ಪಂಪಾದರೆ ಇಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡಯಾಫ್ರಂ ಹರಿದು ಡೀಸೆಲ್ ಆಯಿಲಿಗೆ ಇಳಿಯುತ್ತಿದೆ. ಆ ಗಾಡಿಯನ್ನು ಮತ್ತೆ ಓಡಿಸಬೇಡಿ. ಆಯಿಲ್ ತೆಳುವಾಗಿ ಬೇರಿಂಗ್ ಕಚ್ಚಿಕೊಳ್ಳುತ್ತದೆ.

ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಬಾಟ್ಲಿಗೆ ಇಳಿಸಿ, ಹತ್ತು ನಿಮಿಷ ಇಡಿ. ನೀರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೆ ತೇವ ಹನಿಗಟ್ಟಿ ನೀರಾಗುತ್ತದೆ. ಸಂಜೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಆದಷ್ಟು ತುಂಬಿರಲಿ. ಫಿಲ್ಟರಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡುವುದು ನಮ್ಮ ಕ್ರಮ. ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಪುನಃ ಹಾಕುವುದು ಉಳಿತಾಯ ಅಲ್ಲ. ಕಾಗದ ಹರಿದು ಸಣ್ಣ ಹುಡಿ ದೊಡ್ಡ ಪಂಪಿಗೆ ಹೋದರೆ ಆಗ ನಿಜಕ್ಕೂ ಪಂಪ್ ಹೋಗುತ್ತದೆ.

ಗಾಳಿ ತೆಗೆಯುವ ಕ್ರಮ

1. ಫಿಲ್ಟರಿನ ಮೇಲಿನ ತಿರುಪನ್ನು ಎರಡು ಸುತ್ತು ಸಡಿಲಿಸಿ. ಗುಳ್ಳೆ ನಿಂತು ಬರೇ ಡೀಸೆಲ್ ಬರುವ ತನಕ ಕೈಪಂಪ್ ಒತ್ತಿ. ಒತ್ತುತ್ತಿರುವಾಗಲೇ ತಿರುಪು ಬಿಗಿಯಿರಿ.
2. ದೊಡ್ಡ ಪಂಪಿನ ಗಾಳಿ ತಿರುಪಿನಲ್ಲೂ ಹೀಗೆಯೇ.
3. ಆದರೂ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರ್ ಬದಿಯ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ, ಕ್ರ್ಯಾಂಕ್ ಮಾಡಿ. ಡೀಸೆಲ್ ಬಂದ ಮೇಲೆ ಬಿಗಿಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಸ್ಟಾರ್ಟರ್ ತಣಿಯಲಿ.

ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಕೈ ಅಡ್ಡ ಹಿಡಿಯಬೇಡಿ. ಹಳೆ ಇಂಜಿನಿನಲ್ಲೂ ಆ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋಗೂ ಹೆಚ್ಚು. ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗಾಳಿ ಎಳೆಯುವ ದಾರಿಯಲ್ಲಿ ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವುದೂ ಬೇಡ. ಬೆಂಕಿಯ ಅಪಾಯ ಒಂದು. ಆ ಪೆಟ್ರೋಲಿನಲ್ಲಿ ಒಂದು ಕ್ಷಣ ಓಡಿದರೆ ಡೀಸೆಲ್ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ, ಅದು ಇನ್ನೊಂದು.

ಪಕ್ಕನೆ ನಿಲ್ಲುವುದಾದರೆ ವಯರ್ ನೋಡಿ

ಕೆಲವು ಪಂಪುಗಳ ತಲೆಯಲ್ಲಿ ಒಂದೇ ವಯರ್ ಇರುವ ಸೊಲೆನಾಯ್ಡ್ ಇರುತ್ತದೆ. 12 ವೋಲ್ಟ್ ಬಂದರೆ ಡೀಸೆಲಿನ ಬಾಗಿಲು ತೆರೆ, ಹೋದರೆ ಮುಚ್ಚು. ಕೀ ಆನ್ ಮಾಡುವಾಗ 'ಟಕ್' ಎಂದು ಕೇಳಬೇಕು. ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಕಟ್ಟಿಕೊಂಡು, ಒಂದನ್ನು ಸೊಲೆನಾಯ್ಡಿನ ತುದಿಗೂ ಇನ್ನೊಂದನ್ನು ಇಂಜಿನಿನ ಕಬ್ಬಿಣಕ್ಕೂ ತಾಗಿಸಿ. ಗಾಡಿ ನಿಲ್ಲುವ ಹೊತ್ತಿಗೆ ಬಲ್ಬೂ ಆರಿದರೆ ತೊಂದರೆ ಕೀ ಸ್ವಿಚ್ಚು, ಫ್ಯೂಸು ಅಥವಾ ಇಲಿ ಕಡಿದ ವಯರಿನಲ್ಲಿ. ಬಲ್ಬ್ ಉರಿಯುತ್ತಿದ್ದು ಇಂಜಿನ್ ಪಕ್ಕನೆ ನಿಂತರೆ ಸೊಲೆನಾಯ್ಡಿನಲ್ಲಿ. ಸೊಲೆನಾಯ್ಡ್ ಇಲ್ಲದೆ ಎಳೆದು ನಿಲ್ಲಿಸುವ ಕೇಬಲ್ ಇದ್ದರೆ, ಅದು ತುಕ್ಕು ಹಿಡಿದು ಅರ್ಧದಲ್ಲಿ ನಿಂತಿದೆಯೋ ನೋಡಿ ಎಣ್ಣೆ ಬಿಡಿ.

ಕೊನೆಗೆ ದೊಡ್ಡ ಪಂಪ್

ಇಷ್ಟೆಲ್ಲಾ ಸರಿಯಿದ್ದು, ಬಿಸಿಯಾದಾಗ ಮಾತ್ರ ನಿಂತು ಸ್ಟಾರ್ಟ್ ಆಗದಿದ್ದರೆ, ಇಂಜಿನ್ ಆಫ್ ಇರುವಾಗಲೇ ಪಂಪಿಗೆ ಒದ್ದೆ ಗೋಣಿ ಸುತ್ತಿ ಕಾಲು ಗಂಟೆ ಬಿಡಿ. ತಣಿದ ಕೂಡಲೇ ಸ್ಟಾರ್ಟ್ ಆದರೆ ಪಂಪಿನ ಒಳಗೆ ಸವೆದಿದೆ. ಬಿಸಿಯಾದಾಗ ಡೀಸೆಲ್ ತೆಳುವಾಗಿ ಸವೆದ ಎಡೆಯಿಂದ ಜಾರುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಬಾರದು. ಪರೀಕ್ಷಾ ಯಂತ್ರ ಇರುವ ಪಂಪ್ ಕೆಲಸದವರಲ್ಲಿಗೇ ಹೋಗಬೇಕು.

ಸುಧಾರಿಸಿಕೊಂಡು ಓಡಿಸಬೇಡಿ

"ಆಗಾಗ ಕೈಪಂಪ್ ಒತ್ತಿದರೆ ಹೋಗ್ತದೆ" ಎಂದು ತಿಂಗಳುಗಟ್ಟಲೆ ಓಡಿಸುವವರುಂಟು. ಇದರಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಒಂದಿದೆ. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಲ್ಲಿ ಆ ಬಲ ಬರುವುದು ಇಂಜಿನ್ ತಿರುಗಿಸುವ ವ್ಯಾಕ್ಯೂಮ್ ಪಂಪಿನಿಂದ. ಇಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಮತ್ತೆ ಪೆಡಲ್ ಕಲ್ಲಿನಂತೆ. ಲೋಡು ಹಾಕಿ, ಹಿಂದೆ ಇಬ್ಬರು ಕೆಲಸದವರು ಕೂತು, ಏರಿನಲ್ಲಿ ಇಂಜಿನ್ ನಿಂತರೆ ಏನಾಗಬಹುದು ಯೋಚಿಸಿ. ಹಾಗೆ ಆದರೆ ಪೆಡಲನ್ನು ಬಿಟ್ಟು ಬಿಟ್ಟು ಒತ್ತದೆ ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಇಡಿಸಿದ ಮೇಲೆಯೇ ಪೆಡಲ್ ಬಿಡಿ.

ಗಾಡಿಯಲ್ಲಿ ಇರಬೇಕಾದದ್ದು ಸ್ವಲ್ಪವೇ: ಒಂದು ಹೊಸ ಫಿಲ್ಟರು ರಿಂಗ್ ಸಮೇತ, ನಾಲ್ಕು ತಾಮ್ರದ ವಾಷರ್, ಒಂದು ಮೀಟರ್ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ವಯರ್ ಕಟ್ಟಿದ ಬಲ್ಬು, ಸ್ಪ್ಯಾನರ್ ಸೆಟ್ಟು, ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ "ಆಫ್ ಆಗ್ತದೆ" ಎಂದಷ್ಟೇ ಹೇಳಬೇಡಿ. ಎಷ್ಟು ನಿಮಿಷಕ್ಕೆ, ಕೆಮ್ಮಿಯೋ ಪಕ್ಕನೆಯೋ, ಏರಿನಲ್ಲೋ ಸಮತಟ್ಟಿನಲ್ಲೋ, ಕ್ಯಾನ್ ಕಟ್ಟಿದಾಗ ಹೇಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಒಳ್ಳೆಯ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ದಿನದ ಕೆಲಸ ಉಳಿಯುತ್ತದೆ, ನಿಮಗೆ ಬೇಡದ ಬಿಲ್ಲು ಉಳಿಯುತ್ತದೆ.